ಊರಿನ ಅಳತೆ, ಪರಿಚಯದ ಅಳತೆ

ಮಾನ್ಯ ಸಂಪಾದಕರೇ,

ಸಣ್ಣ ಊರಿನ ಬದುಕು ಮೇಲೋ ಮಹಾನಗರದ ಬದುಕು ಮೇಲೋ ಎಂಬ ವಿಷಯವಾಗಿ ಕೆಲವು ವಾರಗಳಿಂದ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗುತ್ತಿರುವ ಓದುಗರ ಪತ್ರಗಳನ್ನು ಒಂದನ್ನೂ ಬಿಡದೆ ಓದಿದ್ದೇನೆ. ನಗರ ಬಿಟ್ಟು ಬಂದವರು ಗಾಳಿ, ನೆಮ್ಮದಿ, ನಿಧಾನ ಎಂದು ಹಾಡಿ ಹೊಗಳುತ್ತಿದ್ದಾರೆ. ನಗರದಲ್ಲಿ ಬೇರು ಬಿಟ್ಟವರು ಅವಕಾಶ, ಸೌಲಭ್ಯ, ಸ್ವಾತಂತ್ರ್ಯ ಎಂದು ಅಷ್ಟೇ ಜೋರಾಗಿ ಉತ್ತರ ಕೊಡುತ್ತಿದ್ದಾರೆ. 24 ವರ್ಷ ಮಹಾನಗರವೊಂದರಲ್ಲಿ ದುಡಿದು, ನಿವೃತ್ತಿಯ ನಂತರದ 7 ವರ್ಷಗಳನ್ನು ಸುಮಾರು 30 ಸಾವಿರ ಜನರಿರುವ ಪಟ್ಟಣದಲ್ಲಿ ಕಳೆದಿರುವ ನನಗೆ ಎರಡೂ ಕಡೆಯವರ ಮಾತು ನಿಜವೆಂದೇ ಅನಿಸಿತು. ಆದರೆ ಇಬ್ಬರೂ ಮುಖ್ಯವಾದ ಸಂಗತಿಯೊಂದನ್ನು ಬದಿಗಿಟ್ಟು ವಾದಿಸುತ್ತಿದ್ದಾರೆ ಎಂದೂ ಅನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾಗಿದ್ದರೆ ಮನ್ನಿಸಬೇಕು.

ಸದ್ದು, ಹೊಗೆ, ವೇಗ ಇವೆಲ್ಲ ಕಣ್ಣಿಗೆ ಬೀಳುವ ವ್ಯತ್ಯಾಸಗಳು. ಮನೆಯಿಂದ ಹೊರಗೆ ಕಾಲಿಟ್ಟಾಗ ಎದುರಾಗುವವರಲ್ಲಿ ಎಷ್ಟು ಜನಕ್ಕೆ ನಾವು ಯಾರೆಂದು ಗೊತ್ತು ಎಂಬ ವ್ಯತ್ಯಾಸ ಮಾತ್ರ ಅಷ್ಟು ಸುಲಭವಾಗಿ ಕಾಣುವುದಿಲ್ಲ. ನನ್ನ ಅನುಭವದಲ್ಲಿ ಸಣ್ಣ ಊರಿನ ಸುಖವೂ ಸಂಕಟವೂ, ನಗರದ ಸುಖವೂ ಸಂಕಟವೂ ಬಹುಪಾಲು ಹುಟ್ಟುವುದು ಅಲ್ಲಿಂದಲೇ.

ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಫೋನು ಹೊರಕೋಣೆಯಲ್ಲಿತ್ತು. ಹೇಗೋ ತೆವಳಿಕೊಂಡು ಹಾಸಿಗೆಯವರೆಗೆ ಬಂದವನು ಮರುದಿನವೆಲ್ಲ ಏಳಲಾಗದೆ, ಅರೆ ಎಚ್ಚರ ಅರೆ ಮಂಪರಿನಲ್ಲಿ ಬಿದ್ದುಕೊಂಡಿದ್ದೆ. ಅದರ ಮಾರನೆಯ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಪತ್ರಿಕೆ ಹಾಕುವ ಹುಡುಗ. "ಸಾರ್, ಒಳಗಿದ್ದೀರಾ? ನಿನ್ನೆ ಪೇಪರ್ ಇನ್ನೂ ಇಲ್ಲೇ ಬಿದ್ದಿದೆ" ಎಂದು ಕೂಗಿದ. ನನ್ನ ದನಿ ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ಹತ್ತು ನಿಮಿಷದಲ್ಲಿ ಎದುರು ಮನೆಯವರು ಹಿತ್ತಿಲ ಬಾಗಿಲಿನ ಚಿಲಕ ಕಿತ್ತು ಒಳಗೆ ಬಂದಿದ್ದರು. ಹೊಸ್ತಿಲಲ್ಲಿ ಬಿದ್ದಿದ್ದ ಒಂದು ದಿನದ ಹಳೆಯ ಪತ್ರಿಕೆಯನ್ನು ಗುರುತಿಸಿ, ಅದು ಅಲ್ಲಿರಬಾರದು ಎಂದು ಅರ್ಥ ಮಾಡಿಕೊಳ್ಳುವ ಕಣ್ಣು ನನ್ನ ಪಾಲಿಗೆ ಆ ದಿನ ಆಂಬುಲೆನ್ಸ್‌ಗಿಂತ ದೊಡ್ಡದಾಗಿತ್ತು.

ನಗರದಲ್ಲಿದ್ದಾಗ ನಾನು ಹನ್ನೊಂದು ವರ್ಷ ಇದ್ದ ವಸತಿ ಸಮುಚ್ಚಯದಲ್ಲಿ ನನ್ನ ಬಾಗಿಲಿಗೆ ಎದುರಾಗಿ ಇನ್ನೊಂದು ಬಾಗಿಲಿತ್ತು. ಅಲ್ಲಿದ್ದವರನ್ನು ಲಿಫ್ಟಿನಲ್ಲಿ ಕಂಡಾಗ ತಲೆಯಾಡಿಸುತ್ತಿದ್ದೆ. ಅವರ ಪೂರ್ತಿ ಹೆಸರು ನನಗೆ ಗೊತ್ತಾದದ್ದು ಅವರು ತೀರಿಕೊಂಡ ದಿನ ಕೆಳಗಿನ ಸೂಚನಾ ಫಲಕದಲ್ಲಿ ಅಂಟಿಸಿದ್ದ ಚೀಟಿಯಿಂದ. ಇದನ್ನು ನೆನೆದಾಗ ಇಂದಿಗೂ ನಾಚಿಕೆಯಾಗುತ್ತದೆ.

ಹಾಗೆಂದು ನಗರದವರು ಕಲ್ಲೆದೆಯವರು ಎಂದು ತೀರ್ಪು ಕೊಡುವವರ ಸಾಲಿಗೆ ನಾನು ಸೇರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಸ್ಟಾನ್ಲಿ ಮಿಲ್‌ಗ್ರಾಮ್ 1970ರಲ್ಲಿ ಇದಕ್ಕೊಂದು ಸರಳವಾದ ಲೆಕ್ಕ ಕೊಟ್ಟಿದ್ದರು. ನ್ಯೂಯಾರ್ಕಿನ ಹೊರವಲಯದ ನಸ್ಸಾವ್ ಕೌಂಟಿಯಲ್ಲಿ ಕೆಲಸ ಮಾಡುವವರೊಬ್ಬರು ತಮ್ಮ ಕಚೇರಿಯಿಂದ ಹತ್ತು ನಿಮಿಷದ ದೂರದಲ್ಲಿ 11 ಸಾವಿರ ಜನರನ್ನು ಭೇಟಿಯಾಗಬಹುದಾಗಿತ್ತು. ಮಧ್ಯಮ ಗಾತ್ರದ ನೆವಾರ್ಕ್ ನಗರದಲ್ಲಿ ಆ ಸಂಖ್ಯೆ 20 ಸಾವಿರಕ್ಕೂ ಹೆಚ್ಚು. ನ್ಯೂಯಾರ್ಕ್ ನಗರದೊಳಗಿನ ಮ್ಯಾನ್‌ಹಟನ್‌ನ ನಡುಭಾಗದಲ್ಲಿ 2 ಲಕ್ಷದ 20 ಸಾವಿರ. ಇಷ್ಟು ಮುಖಗಳ ನಡುವೆ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳುತ್ತಾ, ಕ್ಷೇಮ ವಿಚಾರಿಸುತ್ತಾ ಹೋಗುವವನು ಸಂಜೆಯಾದರೂ ಕಚೇರಿ ಮುಟ್ಟುವುದಿಲ್ಲ. ಆದ್ದರಿಂದ ನಗರವಾಸಿಯು ಯಾರಿಗೆ ಎಷ್ಟು ಗಮನ ಕೊಡಬೇಕೆಂದು ಅಳೆದು ಕೊಡಲು ಕಲಿಯುತ್ತಾನೆ, ಉಳಿದುದಕ್ಕೆ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಮಿಲ್‌ಗ್ರಾಮ್‌ಗಿಂತ ಬಹಳ ಮೊದಲೇ, 1903ರಲ್ಲಿ, ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಜಿಮೆಲ್ ಕೂಡ ಮಹಾನಗರದವರ ನಿರ್ಲಿಪ್ತತೆಯನ್ನು ಆತ್ಮರಕ್ಷಣೆಯ ಕವಚವೆಂದೇ ವಿವರಿಸಿದ್ದರು. ನನ್ನ ಎದುರು ಬಾಗಿಲಿನವರೂ ನಾನೂ ಕೆಟ್ಟವರಾಗಿರಲಿಲ್ಲ. ದಿನವಿಡೀ ಜನರ ನಡುವೆ ಸವೆದು ಬಂದು, ಒಂದಿಷ್ಟು ಹೊತ್ತು ಯಾರೂ ಬೇಡವೆಂದುಕೊಂಡವರಾಗಿದ್ದೆವು.

ಇನ್ನು ಪತ್ರಿಕೆಯ ಹುಡುಗನ ಪ್ರಸಂಗವನ್ನು ಹೇಳಿ ಸಣ್ಣ ಊರಿಗೆ ಜೈ ಎಂದುಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ಅದೇ ಕಣ್ಣು ಬೇರೆ ಕಡೆಗೂ ತಿರುಗುತ್ತದೆ. ನನ್ನ ಬಂಧುಗಳ ಮನೆಯ ಹೆಣ್ಣುಮಗಳೊಬ್ಬಳು ನಿದ್ದೆ ಬಾರದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ ಕಂಗೆಟ್ಟು ಮನೋವೈದ್ಯರನ್ನು ಕಾಣಬೇಕಾಯಿತು. ಎರಡನೆಯ ಬಾರಿ ಔಷಧಿ ತರಲು ಹೋದಾಗ ಅಂಗಡಿಯಲ್ಲಿ ಪಕ್ಕ ನಿಂತಿದ್ದವರು ಚೀಟಿಯ ಮೇಲೆ ಕಣ್ಣಾಡಿಸಿ, "ಏನಮ್ಮಾ, ಮದುವೆ ಗಿದುವೆ ತೊಂದರೆಯಾ?" ಎಂದು ಕೇಳಿದರಂತೆ. ಕೇಳಿದವರಿಗೆ ಅದು ಕಾಳಜಿಯೇ ಆಗಿತ್ತೆಂದು ನಾನು ನಂಬುತ್ತೇನೆ. ಆದರೆ ಒಂದು ವಾರದೊಳಗೆ ಆ ಕಾಳಜಿ ಮೂರು ಬೀದಿ ದಾಟಿ ಅವಳ ಮನೆಗಿಂತ ಮೊದಲೇ ಅವಳ ಕೆಲಸದ ಜಾಗಕ್ಕೆ ತಲುಪಿತು. ಈಗ ಅವಳು ತಿಂಗಳಿಗೊಮ್ಮೆ ನಾಲ್ಕು ಗಂಟೆ ಪ್ರಯಾಣ ಮಾಡಿ, ತನ್ನನ್ನು ಯಾರೂ ಅರಿಯದ ನಗರದಲ್ಲಿ ಚಿಕಿತ್ಸೆ ಪಡೆದು ಬರುತ್ತಾಳೆ. ಅವಳಿಗೆ ನಗರವೆಂದರೆ ತನ್ನ ಹೆಸರು ಗೊತ್ತಿಲ್ಲದ ಒಂದು ಔಷಧಿ ಅಂಗಡಿ. ಸಣ್ಣ ಊರಿನಲ್ಲಿ ಎಡವಿದವರಿಗೆ ಎತ್ತುವ ಕೈಗಳು ಬಹಳ. ಎಡವಿದ್ದನ್ನು ಮರೆಯುವ ಮನಸ್ಸುಗಳು ಕಡಿಮೆ. ಇಪ್ಪತ್ತು ವರ್ಷದ ಹಿಂದೆ ವ್ಯಾಪಾರದಲ್ಲಿ ಮುಳುಗಿದವನನ್ನು ಇವತ್ತಿಗೂ 'ಮುಳುಗಿದವನು' ಎಂದೇ ಗುರುತಿಸುವುದನ್ನು ನಾನು ಇಲ್ಲಿ ಕೇಳಿದ್ದೇನೆ. ಅದೇ ಮನುಷ್ಯ ನಗರಕ್ಕೆ ಹೋಗಿದ್ದರೆ ಮಾರನೆಯ ದಿನವೇ ಹೊಸಬನಾಗಿ ಇನ್ನೊಂದು ಫಲಕ ತೂಗುಹಾಕಬಹುದಿತ್ತು.

ನಗರದ ಪರವಾಗಿ ಬರೆದ ಓದುಗರು 'ಅವಕಾಶ' ಎಂಬ ಪದವನ್ನು ಧಾರಾಳವಾಗಿ ಬಳಸಿದ್ದಾರೆ, ಅದು ಎಲ್ಲಿಂದ ಬರುತ್ತದೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಹತ್ತು ಸಾವಿರಕ್ಕೊಬ್ಬರಿಗೆ ಬರುವ ಕಾಯಿಲೆಯೊಂದಿದೆ ಎಂದಿಟ್ಟುಕೊಳ್ಳೋಣ. ನಮ್ಮ ಪಟ್ಟಣದಲ್ಲಿ ಅಂಥ ರೋಗಿಗಳು ಮೂವರು. ಒಂದು ಕೋಟಿ ಜನರ ನಗರದಲ್ಲಿ ಒಂದು ಸಾವಿರ. ಮೂವರನ್ನು ನಂಬಿ ಯಾವ ತಜ್ಞವೈದ್ಯರೂ ಬಾಗಿಲು ತೆರೆಯಲಾರರು. ಜರ್ಮನಿಯ ಭೂಗೋಳಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ವಿವರಿಸಿದ್ದು ಇದನ್ನೇ: ಪ್ರತಿಯೊಂದು ಸೇವೆಗೂ ಅದು ಉಳಿದುಕೊಳ್ಳಲು ಬೇಕಾದ ಕನಿಷ್ಠ ಗಿರಾಕಿಗಳ ಸಂಖ್ಯೆಯೊಂದಿದೆ, ಅದಕ್ಕಾಗಿ ಜನ ಎಷ್ಟು ದೂರದವರೆಗೆ ಬರಲು ಸಿದ್ಧರಿರುತ್ತಾರೆ ಎಂಬ ಮಿತಿಯೂ ಇದೆ. ದಿನಬಳಕೆಯ ಸಾಮಾನಿನ ಅಂಗಡಿ ಎಲ್ಲ ಊರಿನಲ್ಲೂ ಇರುತ್ತದೆ, ಹೃದಯ ಶಸ್ತ್ರಚಿಕಿತ್ಸೆಯ ಕೊಠಡಿ ಕೆಲವೇ ನಗರಗಳಲ್ಲಿರುತ್ತದೆ. ಅದಕ್ಕೂ ಬಹಳ ಹಿಂದೆ, 1776ರಷ್ಟು ಹಳೆಯ ಕಾಲದಲ್ಲಿ, ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಹೊರೆ ಹೊರುವ ಕೂಲಿಯವನ ಉದಾಹರಣೆ ಕೊಟ್ಟು, ಬರೀ ಹೊರೆ ಹೊತ್ತು ಬದುಕುವವನಿಗೆ ದೊಡ್ಡ ಪಟ್ಟಣದಲ್ಲಲ್ಲದೆ ಬೇರೆಲ್ಲೂ ಸಾಕಷ್ಟು ಕೆಲಸ ಸಿಗದು ಎಂದಿದ್ದರು. ಒಂದೇ ಕೆಲಸವನ್ನು ಮಾಡಿಕೊಂಡು ಬದುಕುವುದಕ್ಕೂ ಜನಸಂದಣಿ ಬೇಕು ಎಂಬುದು ಅದರ ತಿರುಳು. ನಮ್ಮಲ್ಲಿ ಒಬ್ಬರೇ ವಿದ್ಯುತ್ ರಿಪೇರಿಯನ್ನೂ ನಲ್ಲಿ ರಿಪೇರಿಯನ್ನೂ ಮಾಡುತ್ತಾರೆ, ಬಿಡುವಾದಾಗ ಬಣ್ಣವನ್ನೂ ಬಳಿಯುತ್ತಾರೆ. ಬಣ್ಣ ಬಹಳ ಚೆನ್ನಾಗಿ ಬಳಿಯುತ್ತಾರೆ. ನಲ್ಲಿಯ ವಿಷಯ ಕೇಳಬೇಡಿ.

ಈ ಲೆಕ್ಕ ರೋಗಿಗಳಿಗಷ್ಟೇ ಅನ್ವಯಿಸುವುದಿಲ್ಲ. ಅಪರೂಪದ ಅಭಿರುಚಿಯವರಿಗೆ, ಸುತ್ತಲಿನವರಿಗಿಂತ ಬೇರೆಯಾಗಿ ಯೋಚಿಸುವವರಿಗೆ, ಮನೆಯವರು ಒಪ್ಪದ ಸಂಗಾತಿಯನ್ನು ಆರಿಸಿಕೊಂಡವರಿಗೆ ತಮ್ಮಂಥ ಇನ್ನಿಬ್ಬರು ಸಿಗಬೇಕೆಂದರೆ ಊರು ದೊಡ್ಡದಿರಬೇಕು. ನಗರವು ಮನುಷ್ಯರನ್ನು ಒಂಟಿಯಾಗಿಸುತ್ತದೆ ಎಂಬ ಹಳೆಯ ಅಭಿಪ್ರಾಯಕ್ಕೆ ಪ್ರತಿಯಾಗಿ ಸಮಾಜಶಾಸ್ತ್ರಜ್ಞ ಕ್ಲಾಡ್ ಫಿಶರ್ 1975ರಲ್ಲಿ ಮಂಡಿಸಿದ ವಾದ ಇಂಥದ್ದೇ: ಜನಸಂಖ್ಯೆ ಹೆಚ್ಚಿದಷ್ಟೂ ಅಲ್ಪಸಂಖ್ಯೆಯ ಅಭಿರುಚಿಗಳವರೂ ಒಂದು ಗುಂಪಾಗುವಷ್ಟು ಸಂಖ್ಯೆಯಲ್ಲಿ ಒದಗುತ್ತಾರೆ. ಗಂಡ ಹೆಂಡತಿ ಇಬ್ಬರೂ ವಿಶೇಷ ತರಬೇತಿ ಪಡೆದ ಉದ್ಯೋಗದವರಾದರಂತೂ ಸಣ್ಣ ಊರಿನಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೆ ಇನ್ನೊಬ್ಬರು ಮನೆಯಲ್ಲಿ ಕೂರಬೇಕಾಗುತ್ತದೆ. ಹಾಗೆ ಕೂರುವವರು ಬಹುತೇಕ ಯಾರೆಂದು ನಾನು ಹೇಳಬೇಕಾಗಿಲ್ಲ. ನೆಮ್ಮದಿಯ ಬದುಕೆಂದು ಬರೆದ ಪತ್ರಗಳಲ್ಲಿ ಹೆಚ್ಚಿನವು ಗಂಡಸರ ಪತ್ರಗಳಾಗಿದ್ದುದನ್ನು ನಾನು ಗಮನಿಸಿದೆ. ಅವರ ಮನೆಯ ಹೆಣ್ಣುಮಕ್ಕಳ ಅಭಿಪ್ರಾಯವನ್ನೂ ತಾವು ಕೇಳಿ ಪ್ರಕಟಿಸಿದರೆ ಈ ಚರ್ಚೆಗೆ ಬೇರೆಯೇ ಬಣ್ಣ ಬರಬಹುದು.

ಪರಿಚಯದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲಸ ಹುಡುಕುವವರಿಗೆ ಆಪ್ತಮಿತ್ರರಿಗಿಂತ ಅಷ್ಟಕ್ಕಷ್ಟೇ ಪರಿಚಯವಿದ್ದವರಿಂದ ಹೆಚ್ಚು ನೆರವಾಗುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿಕೊಟ್ಟರು. ಆಪ್ತರಿಗೆ ಗೊತ್ತಿರುವುದು ನಮಗೂ ಆಗಲೇ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯಗಳಿಂದ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದ ಸುದ್ದಿ ಒಂದೇ ಕೊಳದಲ್ಲಿ ಸುತ್ತುತ್ತದೆ. ಇಲ್ಲಿ ನೆರವಿಗೆ ನೂರು ಜನ ಬರುತ್ತಾರೆ, ಆದರೆ ಕೆಲಸ ಕಳೆದುಕೊಂಡ ಯುವಕನಿಗೆ ಆ ನೂರೂ ಜನ ಹೇಳುವುದು ಅದೇ ಎರಡು ಖಾಲಿ ಹುದ್ದೆಗಳ ಬಗ್ಗೆ.

ನಗರದ ಹೊಗಳುಭಟರೂ ಒಂದು ಲೆಕ್ಕವನ್ನು ಮುಚ್ಚಿಡುತ್ತಾರೆ. ಭೌತವಿಜ್ಞಾನಿಗಳಾದ ಲೂಯಿಸ್ ಬೆಟನ್‌ಕೋರ್ಟ್, ಜೆಫ್ರಿ ವೆಸ್ಟ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಗರದ ಜನಸಂಖ್ಯೆ ಇಮ್ಮಡಿಯಾದಾಗ ತಲಾ ಸಂಬಳ, ಪೇಟೆಂಟ್‌ಗಳಂಥವು ಹೆಚ್ಚುತ್ತವೆ. ರಸ್ತೆ, ತಂತಿ, ಕೊಳವೆಗಳಂಥವು ತಲಾ ಲೆಕ್ಕದಲ್ಲಿ ಕಡಿಮೆ ಸಾಕಾಗುತ್ತವೆ. ಇಷ್ಟನ್ನು ಎಲ್ಲರೂ ಉತ್ಸಾಹದಿಂದ ಉದ್ಧರಿಸುತ್ತಾರೆ. ಅದೇ ಅಧ್ಯಯನ, ಅಪರಾಧವೂ ಸೋಂಕು ರೋಗವೂ ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಏರುತ್ತವೆ ಎಂದದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಜನ ಜನರನ್ನು ಹೆಚ್ಚು ಸಂಧಿಸಿದಾಗ ಹೊಸ ಆಲೋಚನೆಯೂ ಹರಡುತ್ತದೆ, ಜ್ವರವೂ ಹರಡುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸಲು ಬರುವುದಿಲ್ಲ.

ಸಮಯದ ಲೆಕ್ಕವನ್ನು ನಾನು ನನ್ನ ಬದುಕಿನಿಂದಲೇ ಕೊಡುತ್ತೇನೆ. ನಗರದಲ್ಲಿ ಮನೆಗೂ ಕಚೇರಿಗೂ ನಡುವೆ ದಿನಕ್ಕೆ ಮೂರು ಗಂಟೆ ಕಳೆಯುತ್ತಿದ್ದೆ. ವರ್ಷಕ್ಕೆ 250 ಕೆಲಸದ ದಿನಗಳೆಂದರೆ 750 ಗಂಟೆ. 24 ವರ್ಷಕ್ಕೆ 18 ಸಾವಿರ ಗಂಟೆ. ಹಗಲು ರಾತ್ರಿ ಸೇರಿಸಿ ಎಣಿಸಿದರೆ 750 ದಿನ, ಎರಡು ವರ್ಷಕ್ಕೂ ಮಿಗಿಲು. ನನ್ನ ಮಗ ನಡೆಯಲು ಕಲಿತದ್ದು, ಮಾತು ಕಲಿತದ್ದು, ಮುಂದೆ ನನ್ನೊಂದಿಗೆ ಮಾತು ಕಡಿಮೆ ಮಾಡಿದ್ದು ಎಲ್ಲವೂ ಆ 24 ವರ್ಷಗಳೊಳಗೆ ಆಯಿತು. ಮನುಷ್ಯರು ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಪ್ರಯಾಣಕ್ಕೆ ಕೊಡಲು ಒಪ್ಪುತ್ತಾರೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಅದಕ್ಕಿಂತ ಹೆಚ್ಚಾದದ್ದನ್ನು ನಾವು ಒಪ್ಪಿ ಕೊಡುವುದಿಲ್ಲ, ಬಾಡಿಗೆ ಕಡಿಮೆಯಿರುವ ಬಡಾವಣೆ ಅದನ್ನು ಕಿತ್ತುಕೊಳ್ಳುತ್ತದೆ ಎಂದು ಅನುಭವದಿಂದ ಹೇಳಬಲ್ಲೆ. ಈಗ ನಾನು ಎಲ್ಲಿಗೆ ಹೋಗಬೇಕಾದರೂ ಹನ್ನೆರಡು ನಿಮಿಷ ಸಾಕು. ಆದರೆ ಕಣ್ಣಿನ ಪರೀಕ್ಷೆಗೆ, ಹಳೆಯ ದಾಖಲೆಯೊಂದರ ಪ್ರತಿಗೆ, ಶ್ರವಣಸಾಧನದ ದುರಸ್ತಿಗೆ ಎಂದು ಒಂದೊಂದು ಇಡೀ ದಿನವನ್ನು ಬಸ್ಸಿಗೆ ಒಪ್ಪಿಸಬೇಕಾಗುತ್ತದೆ. ಯುವಕನಾಗಿದ್ದರೆ ಇದು ಲಾಭದ ವ್ಯಾಪಾರವೇ. ವಯಸ್ಸು ಏರಿದಂತೆ ಆಸ್ಪತ್ರೆಯ ಭೇಟಿಗಳೂ ಏರುವುದರಿಂದ ನನ್ನ ಲಾಭ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ನಿವೃತ್ತಿಯಾದ ಮೇಲೆ ಸಣ್ಣ ಊರಿಗೆ ಹೋಗಿ ನೆಮ್ಮದಿಯಿಂದಿರಿ ಎಂದು ಸಲಹೆ ಕೊಡುವವರು, ತಜ್ಞವೈದ್ಯರ ಅಗತ್ಯ ಅತಿ ಹೆಚ್ಚಾಗುವ ವಯಸ್ಸಿನಲ್ಲೇ ಅವರಿಂದ ಅತಿ ದೂರ ಹೋಗಿರೆಂದು ಹೇಳುತ್ತಿದ್ದಾರೆ ಎಂಬುದನ್ನು ಯೋಚಿಸಿದಂತಿಲ್ಲ.

ಪರಿಸರದ ಬಗ್ಗೆ ಒಂದೇ ಮಾತು. ಹಸಿರು ಕಾಣುವ ಊರೆಲ್ಲ ಪರಿಸರಸ್ನೇಹಿಯಲ್ಲ. ನಾನು ನಗರದಲ್ಲಿದ್ದಾಗ ಸ್ವಂತ ವಾಹನವಿಲ್ಲದೆ ಬದುಕಿದ್ದೆ. ಇಲ್ಲಿ ಬಂದ ಮೇಲೆ, ಸಂಜೆ ಏಳರ ನಂತರ ಬಸ್ಸಿಲ್ಲದ ಕಾರಣಕ್ಕೆ ಕೊಳ್ಳಬೇಕಾಯಿತು.

ನಗರವೆಂದರೆ ಅಪರಿಚಿತರ ಕಾಡು ಎಂಬ ಚಿತ್ರವೂ ಪೂರ್ತಿ ಸರಿಯಲ್ಲ ಎಂಬುದನ್ನು ಇಲ್ಲಿಯೇ ಸೇರಿಸಬೇಕು. ಬೀದಿಯ ಮೇಲೆ ಜನರ ಕಣ್ಣಿದ್ದರೆ ಬೀದಿ ತಾನಾಗಿಯೇ ಸುರಕ್ಷಿತವಾಗಿರುತ್ತದೆ ಎಂದು 1961ರಲ್ಲಿ ಲೇಖಕಿ ಜೇನ್ ಜೇಕಬ್ಸ್ ಹೇಳಿದ್ದು ನ್ಯೂಯಾರ್ಕಿನಂಥ ಮಹಾನಗರದ ಓಣಿಗಳನ್ನು ನೋಡಿಯೇ. ಅಂಗಡಿ, ಮನೆ, ಕಾಲುದಾರಿ ಒಟ್ಟಿಗಿರುವ ಹಳೆಯ ಬೀದಿಗಳಲ್ಲಿ ಅಂಗಡಿಯವರಿಗೆ ಬೀದಿಯ ಮಕ್ಕಳೆಲ್ಲ ಗೊತ್ತು, ಆದರೆ ಮಕ್ಕಳ ಮನೆಯೊಳಗಿನ ವಿಷಯ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಹಟವೂ ಇಲ್ಲ. ಗುರುತಿಗೂ ಗುಟ್ಟಿಗೂ ನಡುವಿನ ಈ ಹದ ನನಗೆ ಬಹಳ ಇಷ್ಟವಾದದ್ದು. ನಾನು ನಗರದಲ್ಲಿ ಮೊದಲು ಬಾಡಿಗೆಗಿದ್ದ ಹಳೆಯ ಓಣಿಯಲ್ಲಿ ಅದನ್ನು ಕಂಡಿದ್ದೆ. ಆಮೇಲೆ ಸೌಲಭ್ಯ ಹೆಚ್ಚೆಂದು ಹೋದ, ಕಾವಲುಗಾರರೂ ಕ್ಯಾಮೆರಾಗಳೂ ಇದ್ದ ಸಮುಚ್ಚಯದಲ್ಲಿ ಅದು ಸಿಗಲಿಲ್ಲ. ಎದುರು ಬಾಗಿಲಿನವರ ಹೆಸರು ಚೀಟಿಯಿಂದ ಗೊತ್ತಾದದ್ದು ಅಲ್ಲಿಯೇ. ಅಂದರೆ ಊರಿನ ಗಾತ್ರ ಎಷ್ಟು ಮುಖ್ಯವೋ ಬೀದಿಯನ್ನು ಕಟ್ಟಿದ ರೀತಿಯೂ ಅಷ್ಟೇ ಮುಖ್ಯ, ಮತ್ತು ಅದನ್ನು ಬದಲಿಸುವುದು ನಮ್ಮ ಕೈಯಲ್ಲಿದೆ.

ಈ ಪತ್ರ ಬರೆಯಲು ನನ್ನನ್ನು ಹೆಚ್ಚು ಪ್ರೇರೇಪಿಸಿದ ಸಂಗತಿಗೆ ಈಗ ಬರುತ್ತೇನೆ. ನಾವು ಈ ಚರ್ಚೆಯನ್ನು ಒಂದು ತುದಿಯಲ್ಲಿ ಹಳ್ಳಿಯ ನೆನಪನ್ನೂ ಇನ್ನೊಂದು ತುದಿಯಲ್ಲಿ ಗಗನಚುಂಬಿಗಳನ್ನೂ ಇಟ್ಟು ನಡೆಸುತ್ತಿದ್ದೇವೆ. ವಿಶ್ವಸಂಸ್ಥೆಯ 2018ರ ಅಂದಾಜಿನಂತೆ ಜಗತ್ತಿನ ಜನಸಂಖ್ಯೆಯಲ್ಲಿ ಶೇ 55ರಷ್ಟು ಮಂದಿ ನಗರ ಪ್ರದೇಶಗಳಲ್ಲಿದ್ದರು. ಅವರಲ್ಲಿ ಒಂದು ಕೋಟಿಗಿಂತ ಹೆಚ್ಚು ಜನರಿರುವ 33 ಮಹಾನಗರಗಳಲ್ಲಿದ್ದವರು ಎಂಟರಲ್ಲಿ ಒಬ್ಬರು ಮಾತ್ರ. ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಐದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿದ್ದರು. ಇಷ್ಟೊಂದು ಜನ ಬದುಕುತ್ತಿರುವ ಈ ನಡುಗಾತ್ರದ, ಸಣ್ಣ ಗಾತ್ರದ ಪಟ್ಟಣಗಳು ಸುದ್ದಿಯಾಗುವುದು ಪ್ರವಾಹ ಬಂದಾಗ ಇಲ್ಲವೇ ಯಾರಾದರೂ ನಿವೃತ್ತರು ಅಲ್ಲಿಯ ನೆಮ್ಮದಿಯ ಬಗ್ಗೆ ಬರೆದಾಗ. ನೆಮ್ಮದಿಯ ಪ್ರಶಂಸೆಯಿಂದ ಇಂಥ ಊರುಗಳಿಗೆ ಆಗುವ ಒಂದು ಹಾನಿಯೆಂದರೆ, ಅಲ್ಲಿ ಏನೋ ಕೊರತೆಯಿದೆ ಎಂಬುದೇ ಮರೆತುಹೋಗುತ್ತದೆ. ರಾತ್ರಿಯ ಬಸ್ಸು, ವಾರಕ್ಕೆರಡು ದಿನವಾದರೂ ಬಂದುಹೋಗುವ ತಜ್ಞವೈದ್ಯರು, ಸಂಜೆಯೂ ತೆರೆದಿರುವ ಗ್ರಂಥಾಲಯ, ಹೇಳಿದ್ದನ್ನು ಹೊರಗೆ ಬಿಡದ ಆಪ್ತಸಮಾಲೋಚಕರು ಇಂಥವೆಲ್ಲ ಕ್ರಿಸ್ಟಾಲರ್ ಹೇಳಿದ ಕನಿಷ್ಠ ಗಿರಾಕಿಗಳ ಲೆಕ್ಕದಲ್ಲಿ ತಾವಾಗಿ ಬರುವುದಿಲ್ಲ. ಮಾರುಕಟ್ಟೆ ತರಲಾರದ್ದನ್ನು ಸಾರ್ವಜನಿಕ ಹಣದಿಂದ ತರಬೇಕಾಗುತ್ತದೆ. ನಾಲ್ಕೈದು ಪಟ್ಟಣಗಳು ಸೇರಿ ಒಬ್ಬ ತಜ್ಞರನ್ನು ಹಂಚಿಕೊಳ್ಳುವ ವ್ಯವಸ್ಥೆಗಾದರೂ ಯಾರಾದರೂ ಒತ್ತಾಯಿಸಬೇಕಾಗುತ್ತದೆ. ಒತ್ತಾಯಿಸುವ ವಯಸ್ಸಿನವರು ಓದು ಮುಗಿಸಿದೊಡನೆ ಊರು ಬಿಡುತ್ತಾರೆ, ಉಳಿಯುವವರು ಹೊಂದಿಕೊಂಡು ಹೋಗುವುದನ್ನು ಕಲಿತವರು.

2020ರ ಸಾಂಕ್ರಾಮಿಕದ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದಾಗ ಇದೆಲ್ಲ ಬದಲಾಗುತ್ತದೆ ಎಂದು ಬಹಳ ಮಂದಿ ನಂಬಿದ್ದರು, ನಾನೂ ನಂಬಿದ್ದೆ. ನಮ್ಮ ಬೀದಿಗೇ ಮೂರು ಯುವ ಕುಟುಂಬಗಳು ಬಂದವು. ಸಂಜೆ ಮಕ್ಕಳ ಗದ್ದಲವಿತ್ತು, ಅಂತರ್ಜಾಲದ ತಂತಿ ಸರಿಯಿಲ್ಲವೆಂದು ದೂರು ಕೊಟ್ಟು ಪಟ್ಟು ಹಿಡಿಯುವವರಿದ್ದರು, ಅದು ಸರಿಯೂ ಆಯಿತು. ಕಚೇರಿಗಳು ವಾರಕ್ಕೆ ಮೂರು ದಿನ ಬನ್ನಿ, ಆಮೇಲೆ ನಾಲ್ಕು ದಿನ ಬನ್ನಿ ಎಂದು ಕರೆದಂತೆ ಒಂದೊಂದೇ ಮನೆಗೆ ಬೀಗ ಬಿತ್ತು. ಅವರಿದ್ದ ಎರಡು ವರ್ಷದಲ್ಲಿ ಬಾಡಿಗೆಗಳು ಏರಿದ್ದು ಮಾತ್ರ ಇಳಿಯಲಿಲ್ಲ.

ಸಣ್ಣ ಊರನ್ನು ಹೊಗಳುವ ಲೇಖನಗಳನ್ನು ತಾವು ಇನ್ನು ಮುಂದೆಯೂ ಪ್ರಕಟಿಸಬೇಕು, ಅದರಲ್ಲಿ ನನ್ನ ಆಕ್ಷೇಪವಿಲ್ಲ. ಆದರೆ ಬರೆದವರ ವಯಸ್ಸೆಷ್ಟು, ಅವರ ಸಂಪಾದನೆ ಎಲ್ಲಿಂದ ಬರುತ್ತದೆ, ಕಾಯಿಲೆಯಾದರೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಅದರ ಜೊತೆಗೇ ಅಚ್ಚು ಹಾಕಿದರೆ ಓದುವವರಿಗೆ ಉಪಕಾರವಾಗುತ್ತದೆ. ನನ್ನದನ್ನು ನಾನೇ ಹೇಳಿಬಿಡುತ್ತೇನೆ: ವಯಸ್ಸು 67, ನಗರದಲ್ಲಿ ದುಡಿದು ಗಳಿಸಿದ ಪಿಂಚಣಿಯಿಂದ ಈ ಪಟ್ಟಣದ ನೆಮ್ಮದಿಯನ್ನು ಅನುಭವಿಸುತ್ತಿದ್ದೇನೆ, ಕಾಯಿಲೆಯಾದರೆ ನಾಲ್ಕು ಗಂಟೆಯ ಬಸ್ಸು.

ಅಂದು ಬಾಗಿಲು ಬಡಿದ ಹುಡುಗ ಓದು ಮುಗಿಸಿ ಕಳೆದ ತಿಂಗಳು ನಗರಕ್ಕೆ ಹೋದ. ಮೊನ್ನೆ ಫೋನು ಮಾಡಿದ್ದ. ಕೋಣೆಯಲ್ಲಿ ನಾಲ್ವರಿದ್ದಾರಂತೆ, ಕಚೇರಿಗೆ ಎರಡು ಬಸ್ಸು ಬದಲಿಸಬೇಕಂತೆ. ಹೇಗಿದೆಯಪ್ಪಾ ಎಂದು ಕೇಳಿದೆ. "ಚೆನ್ನಾಗಿದೆ ಸಾರ್, ಇಲ್ಲಿ ಯಾರೂ ನೀನು ಯಾರ ಮಗ ಅಂತ ಕೇಳಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮನೆಗೆ ಈಗ ಪೇಪರ್ ಯಾರು ಹಾಕ್ತಾರೆ ಸಾರ್?" ಎಂದು ಕೇಳಿದ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ